ಒರಳು, ಒನಕೆ ಮತ್ತು ಎಲ್ ಹಾಜಿಯ ಮೂರನೇ ಮದುವೆ

ಆಫ್ರಿಕಾದ ಸಿನಿಮಾ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ‘ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ’. ಆಕಾಶದಿಂದ ಕೋಕ್ ಬಾಟಲಿ ಬೀಳುವುದು, ಅದನ್ನು ಭೂಮಿಯ ಅಂಚಿನಿಂದ ಆಚೆ ಎಸೆದು ಬರಲು ಒಬ್ಬ ಹೊರಡುವುದು... ನೀವೂ ನೋಡಿರುತ್ತೀರಿ, ನಕ್ಕಿರುತ್ತೀರಿ. ಆದರೆ 1980ರ ಆ ಸಿನಿಮಾ ಮಾಡಿದ್ದು ದಕ್ಷಿಣ ಆಫ್ರಿಕಾದ ಒಬ್ಬ ಬಿಳಿಯ. ಆಫ್ರಿಕಾದ ಕರಿಯರು ತಾವೇ ಕ್ಯಾಮೆರಾ ಹಿಡಿದಾಗ ಏನು ತೋರಿಸಿದರು ಅನ್ನುವುದು ಬೇರೆಯೇ ಕತೆ. ಆ ಕತೆಯಲ್ಲಿ ನನಗೆ ಬಹಳ ದಿನದಿಂದ ತಲೆ ತಿನ್ನುತ್ತಿರುವುದು ಒಂದು ಮಂಚ. ತಮಾಷೆಯಲ್ಲ, ಮಂಚವೇ. ಸೆನೆಗಲ್‌ನ ನಿರ್ದೇಶಕ ಉಸ್ಮಾನ್ ಸೆಂಬೆನ್ ತನ್ನ ದೇಶದ ರಾಜಕೀಯದ ಲೆಕ್ಕವನ್ನೆಲ್ಲ ಮಂಚದ ಮೇಲಿಟ್ಟು ತೂಗಿದವನು. 1975ರಲ್ಲಿ ಮಂಚದ ಈ ಬದಿಯಲ್ಲಿ ನಿಂತು ತೂಗಿದ. ಆ ಬದಿಗೆ ಹೋಗಿ ನಿಲ್ಲಲು ಅವನಿಗೆ ಇನ್ನೂ 29 ವರ್ಷ ಬೇಕಾಯಿತು.

ಮೊದಲು ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಫ್ರೆಂಚರು ಆಳುತ್ತಿದ್ದ ಆಫ್ರಿಕಾದಲ್ಲಿ 1934ರಲ್ಲಿ ಒಂದು ಆದೇಶ ಬಂತು. ವಸಾಹತು ಮಂತ್ರಿಯಾಗಿದ್ದ ಪಿಯೆರ್ ಲವಾಲ್ ಹೆಸರಿನಲ್ಲಿ ಅದು ‘ಲವಾಲ್ ಆದೇಶ’ ಎಂದೇ ಪ್ರಸಿದ್ಧ. ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಯಾರೂ ಸಿನಿಮಾ ತೆಗೆಯುವಂತಿರಲಿಲ್ಲ. ಆಫ್ರಿಕಾದವರು ಅನುಮತಿ ಕೇಳಿದರೆ ಸಿಗುತ್ತಿತ್ತೇ ಅಂತ ನೀವೇ ಊಹಿಸಿಕೊಳ್ಳಿ. 1955ರಲ್ಲಿ ಪಾಲಿನ್ ವಿಯೆರಾ ಮತ್ತು ಗೆಳೆಯರು ಒಂದು ಕಿರುಚಿತ್ರ ಮಾಡಿದ್ದು ಕೂಡ ಪ್ಯಾರಿಸ್ಸಿನಲ್ಲಿ. ಅದರ ಹೆಸರು ‘ಆಫ್ರಿಕ್ ಸುರ್ ಸೆನ್’, ಅಂದರೆ ಸೆನ್ ನದಿಯ ದಂಡೆಯ ಆಫ್ರಿಕಾ. ಸ್ವಂತ ನದಿ ದಂಡೆಯಲ್ಲಿ ತೆಗೆಯಲು ಬಿಡಲಿಲ್ಲವಲ್ಲ!

ಸೆನೆಗಲ್‌ಗೆ 1960ರಲ್ಲಿ ಸ್ವಾತಂತ್ರ್ಯ ಬಂತು. ಕವಿ ಲಿಯೋಪೋಲ್ಡ್ ಸೆಂಘೋರ್ ಅಧ್ಯಕ್ಷರಾದರು. ಸೆಂಬೆನ್ ಆಗ ಮೂವತ್ತೇಳರ ಆಸುಪಾಸಿನವನು. ಮೀನುಗಾರನ ಮಗ, ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದವನು, ಮಾರ್ಸೇ ಬಂದರಿನಲ್ಲಿ ಮೂಟೆ ಹೊತ್ತವನು, ಕಾರ್ಮಿಕ ಸಂಘದಲ್ಲಿ ಪಳಗಿದ ಕಮ್ಯುನಿಸ್ಟ್. ಆ ಹೊತ್ತಿಗಾಗಲೇ ಹೆಸರಾದ ಕಾದಂಬರಿಕಾರ ಕೂಡ. ಆದರೆ ಫ್ರೆಂಚಿನಲ್ಲಿ ಬರೆದ ಕಾದಂಬರಿಯನ್ನು ತನ್ನೂರಿನ ಜನ ಓದಲಾರರು ಅನ್ನುವುದು ಅವನಿಗೆ ಗೊತ್ತಿತ್ತು. ಅದಕ್ಕೇ ನಲವತ್ತು ಹತ್ತಿರ ಬಂದಾಗ ಮಾಸ್ಕೋಗೆ ಹೋಗಿ ಸಿನಿಮಾ ಕಲಿತು ಬಂದ. 1966ರ ‘ಲಾ ನುವಾರ್ ದ’ ಚಿತ್ರದಲ್ಲಿ ಡಾಕಾರ್‌ನಿಂದ ಫ್ರಾನ್ಸಿಗೆ ಮನೆಗೆಲಸಕ್ಕೆ ಹೋದ ಹುಡುಗಿ ದಿಯುವಾನಾ ಸ್ನಾನದ ತೊಟ್ಟಿಯಲ್ಲಿ ಕತ್ತು ಕೊಯ್ದುಕೊಳ್ಳುತ್ತಾಳೆ. ಅದರಲ್ಲಿ ಒಂದು ಊಟದ ದೃಶ್ಯವಿದೆ. ಮನೆಗೆ ಬಂದ ಅತಿಥಿಯೊಬ್ಬ, ತಾನು ಈವರೆಗೆ ಕರಿಯ ಹೆಣ್ಣಿಗೆ ಮುತ್ತು ಕೊಟ್ಟಿಲ್ಲ ಅನ್ನುತ್ತಾ ಎದ್ದು ಬಂದು ಅವಳ ಕೆನ್ನೆಗೆ ಮುತ್ತಿಡುತ್ತಾನೆ. ಸುತ್ತ ಕೂತವರಿಗೆ ಅದೊಂದು ವಿನೋದ. ವಸಾಹತು ಮುಗಿದಿದೆ, ಅವಳ ಕೆನ್ನೆ ಮಾತ್ರ ಇನ್ನೂ ಅವರದೇ.

ಇದು ಬಿಳಿಯರ ಮೇಲಿನ ಸಿಟ್ಟು. ಮುಂದೆ ‘ಖಲಾ’ದಲ್ಲಿ ಸೆಂಬೆನ್ ತನ್ನವರ ಕಡೆಗೇ ತಿರುಗಿದ.

* * *

ಖಲಾ ಅಂದರೆ ವೊಲೋಫ್ ಭಾಷೆಯಲ್ಲಿ ಗಂಡಸ್ತನ ಹೋಗುವಂತೆ ಮಾಡುವ ಮಾಟ. ಸೆಂಬೆನ್ ಇದೇ ಹೆಸರಿನ ತನ್ನ 1973ರ ಕಾದಂಬರಿಯನ್ನು 1975ರಲ್ಲಿ ಸಿನಿಮಾ ಮಾಡಿದ.

ಶುರುವಿನ ಹತ್ತು ನಿಮಿಷಕ್ಕೇ ನಾನು ಶರಣು. ಡಾಕಾರ್‌ನ ವಾಣಿಜ್ಯ ಮಂಡಳಿ. ಹೊರಗೆ ಡೋಲು, ಕುಣಿತ, ಸ್ವಾತಂತ್ರ್ಯದ ಸಂಭ್ರಮ. ಅಂಗಿ ಹಾಕಿದ ಆಫ್ರಿಕಾದ ವ್ಯಾಪಾರಿಗಳು ಒಳಗೆ ನುಗ್ಗಿ ಬಿಳಿಯರನ್ನೂ ಅವರ ಮೂರ್ತಿಗಳನ್ನೂ ಬೂಟುಗಳನ್ನೂ ಹೊರಗೆ ಹಾಕುತ್ತಾರೆ. ಮುಂದಿನ ದೃಶ್ಯದಲ್ಲಿ ಇವರೇ ಕೋಟು-ಟೈ ಕಟ್ಟಿ ಮೇಜಿನ ಸುತ್ತ ಕೂತಿದ್ದಾರೆ. ಆಚೆ ಹೋದ ಬಿಳಿಯರು ವಾಪಸ್ ಬಂದಿದ್ದಾರೆ, ಕೈಯಲ್ಲಿ ಬ್ರೀಫ್‌ಕೇಸು. ಒಬ್ಬೊಬ್ಬ ಸದಸ್ಯನ ಮುಂದೆ ಒಂದೊಂದು ಬ್ರೀಫ್‌ಕೇಸು ಇಡುತ್ತಾರೆ. ತೆರೆದರೆ ನೋಟಿನ ಕಟ್ಟು. ಬಿಳಿಯರು ಒಂದು ಮಾತೂ ಆಡುವುದಿಲ್ಲ, ಆಡಬೇಕಾಗಿಯೂ ಇಲ್ಲ.

ಆ ಸದಸ್ಯರಲ್ಲೊಬ್ಬ ಎಲ್ ಹಾಜಿ ಅಬ್ದು ಕಾದರ್ ಬೇಯ್. ಹಜ್ ಮುಗಿಸಿ ಬಂದವನು, ಐವತ್ತರ ಆಜುಬಾಜಿನ ಸಾಹುಕಾರ. ಅದೇ ದಿನ ಅವನ ಮೂರನೇ ಮದುವೆ. ಹುಡುಗಿಯ ಹೆಸರು ನ್ಗೊನೆ, ಹೆಚ್ಚುಕಮ್ಮಿ ಅವನ ಮಗಳ ವಯಸ್ಸು. ಮೊದಲ ಹೆಂಡತಿ ಅವಾ ತಲೆ ತುಂಬ ಸೆರಗು ಹೊದ್ದ, ಮಾತು ನುಂಗಿಕೊಂಡ ಹೆಂಗಸು. ಎರಡನೆಯವಳು ಊಮಿ, ವಿಗ್ಗು, ಕಪ್ಪು ಕನ್ನಡಕ, ಪಾಶ್ಚಾತ್ಯ ಉಡುಪು. ಇಬ್ಬರಿಗೂ ಬೇರೆ ಬೇರೆ ಮನೆ. ಮೂರನೆಯವಳಿಗೆ ಮೂರನೇ ಮನೆ, ಜೊತೆಗೆ ರಿಬ್ಬನ್ ಕಟ್ಟಿದ ಕಾರು.

ಈ ಮದುವೆಯ ಹಿಂದೆ ಒಂದು ಕಾನೂನೂ ಇದೆ, ಸಿನಿಮಾ ಬಗ್ಗೆ ಬರೆಯುವವರು ಅದನ್ನು ಅಷ್ಟಾಗಿ ಹೇಳುವುದಿಲ್ಲ. ಸೆನೆಗಲ್ 1972ರಲ್ಲಿ ಕುಟುಂಬ ಸಂಹಿತೆ ತಂದಿತು. ಮದುವೆಯಾಗುವಾಗ ಗಂಡಸು ಆಯ್ಕೆ ಮಾಡಿಕೊಳ್ಳಬಹುದು. ಒಬ್ಬಳೇ ಹೆಂಡತಿ ಅಂತಲಾದರೂ ಬರೆಸಬಹುದು, ಇಷ್ಟೇ ಅಂತ ಮಿತಿಯನ್ನಾದರೂ ಹಾಕಿಕೊಳ್ಳಬಹುದು, ನಾಲ್ಕರವರೆಗೆ ಅಂತಲಾದರೂ ಬಿಡಬಹುದು. ಏನೂ ಬರೆಸದೆ ಸುಮ್ಮನಿದ್ದರೆ? ಆಗ ಅದು ಬಹುಪತ್ನಿತ್ವದ ಮದುವೆ ಎಂದೇ ಲೆಕ್ಕ. ಸಂಸಾರದ ಯಜಮಾನ ಗಂಡನೇ ಅಂತಲೂ ಅದೇ ಸಂಹಿತೆ ಹೇಳಿತು. ಇಷ್ಟಕ್ಕೇ ಅಲ್ಲಿನ ಧರ್ಮಗುರುಗಳು ಸಿಡಿದೆದ್ದು ಇದು ‘ಹೆಂಗಸರ ಸಂಹಿತೆ’ ಎಂದು ಹಂಗಿಸಿದರು! ಹೊಸ ದೇಶ ಕಟ್ಟುವವರು ಬಿಳಿಯರ ಕೈಯಿಂದ ಅಧಿಕಾರ ಇಸಿದುಕೊಂಡು ಮನೆಗೆ ಬಂದಾಗ ಅಲ್ಲಿ ಯಾರ ಕೈಗೆ ಏನು ಕೊಟ್ಟರು ಅನ್ನುವುದು ಈ ಸಂಹಿತೆಯಲ್ಲಿ ಕಾಣುತ್ತದೆ. ‘ಖಲಾ’ ಬಂದದ್ದು ಇದಾಗಿ ಮೂರು ವರ್ಷಕ್ಕೆ.

ಎಲ್ ಹಾಜಿಯ ಮಗಳು ರಾಮಾ ಓದಿದವಳು. ಅಪ್ಪ ಫ್ರೆಂಚಿನಲ್ಲಿ ಕೇಳಿದರೆ ಅವಳು ವೊಲೋಫಿನಲ್ಲಿ ಉತ್ತರ ಕೊಡುತ್ತಾಳೆ. ಅವನು ಕುಡಿಯಲು ಕೊಡುವ ಫ್ರಾನ್ಸಿನ ಎವಿಯಾಂ ಬಾಟಲಿ ನೀರನ್ನು ಮುಟ್ಟುವುದಿಲ್ಲ. (ಅದೇ ಎವಿಯಾಂ ನೀರು ಅವನ ಮರ್ಸಿಡಿಸ್ ತೊಳೆಯಲೂ ಬಳಕೆಯಾಗುತ್ತದೆ.) ಅನೇಕ ಹೆಂಡಿರನ್ನು ಕಟ್ಟಿಕೊಳ್ಳುವ ಗಂಡಸರೆಲ್ಲ ಸುಳ್ಳರು ಅಂತ ಮುಖಕ್ಕೇ ಹೇಳಿದಾಗ ಅಪ್ಪನಿಂದ ಕಪಾಳಕ್ಕೆ ಬೀಳುತ್ತದೆ. ಮಂಡಳಿಯ ದೊಡ್ಡವರಿಗೆ ಮಾತ್ರ ಈ ಮೂರನೇ ಮದುವೆ ‘ನಮ್ಮ ಆಫ್ರಿಕಾತನ’ದ ಗುರುತು. ಕೋಟು ಪ್ಯಾರಿಸ್ಸಿನದು, ಕುಡಿಯುವ ನೀರು ಪ್ಯಾರಿಸ್ಸಿನ ಕಡೆಯದು, ಸಂಸ್ಕೃತಿ ನೆನಪಾಗುವುದು ಹೆಂಡತಿಯರ ಲೆಕ್ಕಕ್ಕೆ ಬಂದಾಗ ಮಾತ್ರ. ಇಂಥವರನ್ನು ನೋಡಲು ಸೆನೆಗಲ್‌ವರೆಗೆ ಹೋಗಬೇಕಾಗಿಲ್ಲ ಅಂತೀರಾ? ನಾನೇನೂ ಹೇಳಲಿಲ್ಲಪ್ಪ :)

ಮೊದಲ ರಾತ್ರಿಗೆ ಮುಂಚೆ ಹುಡುಗಿಯ ಸೋದರತ್ತೆ ಒಂದು ಶಾಸ್ತ್ರ ಹೇಳುತ್ತಾಳೆ. ಒರಳಿನ ಮೇಲೆ ಕೂತು, ಕಾಲ ಸಂದಿಯಲ್ಲಿ ಒನಕೆ ಹಿಡಿದುಕೊಳ್ಳಬೇಕು. ದೃಷ್ಟಿ, ಮಾಟ ತಾಗದಿರಲಿ ಅಂತ. ಎಲ್ ಹಾಜಿಗೆ ನಗು ಬರುತ್ತದೆ. ಇವೆಲ್ಲ ಮೂಢನಂಬಿಕೆ, ನಾನು ಇಂಥದನ್ನೆಲ್ಲ ನಂಬುವವನಲ್ಲ ಅನ್ನುತ್ತಾನೆ. ಮೂರನೇ ಮದುವೆಯಾಗುವಾಗ ಸಂಪ್ರದಾಯಸ್ಥ, ಒರಳಿನ ಮುಂದೆ ಆಧುನಿಕ.

ಬೆಳಗ್ಗೆ ಹೊತ್ತಿಗೆ ಅತ್ತೆ ಬಂದು ನೋಡಿದರೆ ಏನೂ ನಡೆದಿಲ್ಲ. ಗಂಡಸ್ತನ ಕೈಕೊಟ್ಟಿದೆ.

ಅಲ್ಲಿಂದ ಮುಂದೆ ಅವನು ಒಬ್ಬ ಮರಬೂನಿಂದ ಇನ್ನೊಬ್ಬನ ಬಳಿಗೆ ಅಲೆಯುತ್ತಾನೆ. ಮರಬೂ ಅಂದರೆ ಅಲ್ಲಿನ ಧರ್ಮಗುರು, ತಾಯತ ಕಟ್ಟುವ ಮಂತ್ರವಾದಿಯೂ ಹೌದು. ಒಬ್ಬ ಹೇಳಿದಂತೆ ತಾಯತ ಹಲ್ಲಲ್ಲಿ ಕಚ್ಚಿಕೊಂಡು ನಾಲ್ಕು ಕಾಲಲ್ಲಿ ತೆವಳುತ್ತಾ ಮಂಚದ ಕಡೆ ಹೋಗುವ ದೃಶ್ಯವಿದೆ ನೋಡಿ, ಮೂರು ಮನೆಗಳ ಯಜಮಾನ, ಮಂಡಳಿಯ ಸದಸ್ಯ, ಕೂಸಿನ ಥರ ಅಂಬೆಗಾಲಿಡುತ್ತಾನೆ. ನಗು ಬರುತ್ತದೆ, ಹಿಂದೆಯೇ ಕರುಳು ಚುರ್ರೆನ್ನುತ್ತದೆ. ಕೊನೆಗೆ ಸೆರಿಂಗ್ ಮಾದಾ ಅನ್ನುವವನು ಗುಣ ಮಾಡುತ್ತಾನೆ. ಅವನಿಗೆ ಎಲ್ ಹಾಜಿ ಚೆಕ್ ಬರೆದುಕೊಡುತ್ತಾನೆ. ಖಾತೆಯಲ್ಲಿ ದುಡ್ಡಿಲ್ಲ, ಚೆಕ್ ಬೌನ್ಸ್. ಮರಬೂ ತೆಗೆದ ಮಾಟವನ್ನು ಮತ್ತೆ ವಾಪಸ್ ಹಾಕುತ್ತಾನೆ! ಬ್ಯಾಂಕಿನ ಸಾಲಕ್ಕೂ ಮಂಚದ ಸೋಲಿಗೂ ಹೀಗೆ ಗಂಟು ಹಾಕಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ದುಡ್ಡೆಲ್ಲ ಎರವಲು, ಭಾಷೆ ಎರವಲು, ಗಂಡಸ್ತನವೂ ಕೊನೆಗೆ ಸಾಲದ ಮೇಲೆ ಬಂದದ್ದು.

ಮಂಡಳಿ ಅವನನ್ನು ಹೊರಹಾಕುವ ಸಭೆಯಲ್ಲಿ ಎಲ್ ಹಾಜಿ ವೊಲೋಫಿನಲ್ಲಿ ಮಾತಾಡುತ್ತೇನೆ ಅನ್ನುತ್ತಾನೆ. ಬಿಡುವುದಿಲ್ಲ. ಬೈಗುಳ ಕೂಡ ಫ್ರೆಂಚಿನಲ್ಲೇ ಆಗಬೇಕಂತೆ. ಅವನ ಖಾಲಿ ಕುರ್ಚಿಗೆ ಬಂದು ಕೂರುವವನು ಒಬ್ಬ ಜೇಬುಗಳ್ಳ. ಬರಗಾಲದ ಹಳ್ಳಿಯವರು ಕೂಡಿಸಿಕೊಟ್ಟ ದುಡ್ಡು ಹಿಡಿದು ಪೇಟೆಗೆ ಬಂದಿದ್ದ ರೈತನ ಗಂಟು ಹೊಡೆದವನು.

ಈಗ ಭಿಕ್ಷುಕರ ವಿಷಯ. ಎಲ್ ಹಾಜಿಯ ಅಂಗಡಿ ಮುಂದೆ ಕುರುಡರು, ಕಾಲಿಲ್ಲದವರು ಕೂತು ಹಾಡುತ್ತಿರುತ್ತಾರೆ. ಇವನಿಗೆ ಅದು ಕಿರಿಕಿರಿ. ಮಂಡಳಿಯ ಅಧ್ಯಕ್ಷ ಒಂದು ಫೋನ್ ಮಾಡಿದರೆ ಪೊಲೀಸರು ಬಂದು ಎಲ್ಲರನ್ನೂ ವ್ಯಾನಿಗೆ ತುಂಬಿ ಊರಾಚೆ ಬಯಲಲ್ಲಿ ಬಿಸಾಡಿ ಬರುತ್ತಾರೆ. ಇದು ಕಟ್ಟುಕತೆಯಲ್ಲ. 1968ರಿಂದ 1973ರವರೆಗೆ ಸಹೇಲ್ ಪ್ರದೇಶದಲ್ಲಿ ಭೀಕರ ಬರ. ಹಳ್ಳಿಗಳಿಂದ ಜನ ಡಾಕಾರ್‌ಗೆ ಗುಳೆ ಬಂದರು. ಸೆನೆಗಲ್ ಸರ್ಕಾರ ಭಿಕ್ಷುಕರು, ಕುಷ್ಠರೋಗಿಗಳು, ಬುದ್ಧಿಭ್ರಮಣೆಯವರನ್ನೆಲ್ಲ ಸೇರಿಸಿ ‘ಮಾನವ ಅಡಚಣೆ’ ಅನ್ನುವ ಹೆಸರಿಟ್ಟು, ಊರು ಚೊಕ್ಕಟವಾಗಿಡಲು ಅವರನ್ನು ಎತ್ತಂಗಡಿ ಮಾಡುತ್ತಿತ್ತು. ಪ್ರವಾಸಿಗರ ಕಣ್ಣಿಗೆ ಬೀಳಬಾರದಲ್ಲ. ಅಮಿನಾತಾ ಸೋ ಫಾಲ್ ಎಂಬ ಲೇಖಕಿ 1979ರಲ್ಲಿ ಇದನ್ನೇ ವಸ್ತುವಾಗಿಟ್ಟುಕೊಂಡು ಭಿಕ್ಷುಕರು ಮುಷ್ಕರ ಹೂಡುವ ಕಾದಂಬರಿ ಬರೆದಳು. ದಾನ ಕೊಡಲು ಭಿಕ್ಷುಕರೇ ಸಿಗದೆ ಸಾಹುಕಾರರು ಪರದಾಡುತ್ತಾರೆ. ಸಿಕ್ಕಿದರೆ ಬಿಡಬೇಡಿ.

‘ಖಲಾ’ದ ಭಿಕ್ಷುಕರು ತೆವಳಿಕೊಂಡು, ಕುಂಟಿಕೊಂಡು ವಾಪಸ್ ಬರುತ್ತಾರೆ. ಕೊನೆಯಲ್ಲಿ ಅವರು ಅವಾಳ ಮನೆಗೆ ನುಗ್ಗುತ್ತಾರೆ. ಎರಡನೆಯವಳು ಸಾಮಾನು ಕಟ್ಟಿಕೊಂಡು ಹೋಗಿಯಾಗಿದೆ, ಮೂರನೆಯವಳ ಕಡೆಯವರು ಸಂಬಂಧ ಬೇಡವೆಂದಿದ್ದಾರೆ, ಅವನಿಗೆ ಉಳಿದದ್ದು ಮೊದಲ ಹೆಂಡತಿಯ ಮನೆ ಮಾತ್ರ. ಕುರುಡ ಮುದುಕ ಹೇಳುತ್ತಾನೆ: ಮಾಟ ಹಾಕಿದ್ದು ನಾನೇ. ನಮ್ಮ ಕುಲದ ಭೂಮಿಯನ್ನು ಸುಳ್ಳು ಕಾಗದ ಮಾಡಿ ನುಂಗಿ, ನನ್ನನ್ನು ಜೈಲಿಗೆ ಹಾಕಿಸಿದೆಯಲ್ಲ, ಅದಕ್ಕೆ. ಗಂಡಸ್ತನ ವಾಪಸ್ ಬೇಕಾದರೆ ಬಟ್ಟೆ ಬಿಚ್ಚಿ ನಿಲ್ಲು, ನಾವೆಲ್ಲ ನಿನ್ನ ಮೇಲೆ ಉಗುಳುತ್ತೇವೆ. ಅವನು ನಿಲ್ಲುತ್ತಾನೆ. ತಲೆಗೆ ಮದುಮಗಳ ಕಿರೀಟ ತೊಡಿಸುತ್ತಾರೆ. ಉಗುಳುತ್ತಾರೆ, ಉಗುಳುತ್ತಲೇ ಇರುತ್ತಾರೆ. ಹೆಂಡತಿ, ಮಗಳು ನೋಡುತ್ತಾ ನಿಂತಿದ್ದಾರೆ. ಎಂಜಲು ಸುರಿಯುವ ಆ ಬರಿಮೈ ಮೇಲೆ ಚಿತ್ರ ನಿಂತುಬಿಡುತ್ತದೆ.

ಸೆನ್ಸಾರಿನವರು ಇದಕ್ಕೆ ಹತ್ತರಷ್ಟು ಕಡೆ ಕತ್ತರಿ ಹಾಕಿದರು. ಸೆಂಬೆನ್ ಎಲ್ಲೆಲ್ಲಿ ಏನೇನು ಕತ್ತರಿಸಿದ್ದಾರೆ ಅಂತ ಕರಪತ್ರ ಮಾಡಿಸಿ ಜನರಿಗೆ ಹಂಚಿದ. ಎರಡು ವರ್ಷ ಬಿಟ್ಟು ಅವನ ‘ಸೆದ್ದೊ’ ಬಂದಾಗ ಕತ್ತರಿಯ ಗೊಡವೆಯೇ ಇಲ್ಲ, ಪೂರ್ತಿ ನಿಷೇಧ. ಕೊಟ್ಟ ಕಾರಣ ಕೇಳಿದರೆ ನಗಬೇಕು. ಶೀರ್ಷಿಕೆಯಲ್ಲಿ ಎರಡು ‘ದ’ ಇದೆ, ಸರ್ಕಾರದ ಕಾಗುಣಿತದ ಪ್ರಕಾರ ಒಂದೇ ಇರಬೇಕು! ಸ್ವತಃ ಭಾಷಾಪಂಡಿತರಾದ ಸೆಂಘೋರ್ ಒತ್ತಕ್ಷರದ ಮೇಲೆ ಹಟ ಹಿಡಿದರು. ಆ ಚಿತ್ರದ ಕೊನೆಯಲ್ಲಿ ರಾಜಕುಮಾರಿಯೊಬ್ಬಳು ಅಧಿಕಾರ ಕಿತ್ತುಕೊಂಡ ಇಮಾಮನನ್ನು ಬಂದೂಕಿನಿಂದ ಹೊಡೆಯುತ್ತಾಳೆ. ಅವರನ್ನು ಕುಟುಕಿದ್ದು ನಿಜಕ್ಕೂ ಕಾಗುಣಿತವೇ ಎಂದು ನನಗೆ ಅನುಮಾನ.

* * *

‘ಖಲಾ’ವನ್ನು ಇಷ್ಟು ಹೊಗಳಿದ ಮೇಲೆ ಒಂದು ತಕರಾರು. ನ್ಗೊನೆ ಎಲ್ಲಿ?

ಇಡೀ ಸಿನಿಮಾದಲ್ಲಿ ಅವಳಿಗೆ ಮಾತು ಇಲ್ಲವೆನ್ನುವಷ್ಟು ಕಮ್ಮಿ. ಅವಳನ್ನು ಕೊಟ್ಟದ್ದು ಅತ್ತೆ, ಕೊಂಡದ್ದು ಎಲ್ ಹಾಜಿ, ವಾಪಸ್ ಕರೆದದ್ದು ಮನೆಯವರು. ಆ ಮಂಚದ ಮೇಲೆ ಅವಳಿಗೆ ಏನನ್ನಿಸಿತು? ಹೆದರಿಕೆಯಾ, ಅಸಹ್ಯವಾ, ಅವನ ಕೈಲಾಗದೆ ಹೋದಾಗ ಸದ್ಯ ಬದುಕಿದೆ ಅನ್ನಿಸಿತಾ? ಸೆಂಬೆನ್ ಕೇಳುವುದಿಲ್ಲ. ಸಿನಿಮಾದಲ್ಲಿ ಊರಿಗೆಲ್ಲ ಎಲ್ ಹಾಜಿಯ ಗಂಡಸ್ತನದ್ದೇ ಚಿಂತೆ, ನಮಗೂ ಅದೇ ಚಿಂತೆ ಹತ್ತಿಕೊಳ್ಳುತ್ತದೆ. ಆಳುವ ವರ್ಗ ಷಂಡ ಅಂತ ಹೇಳುವ ರೂಪಕದೊಳಗೆ, ಷಂಡನಲ್ಲದ ಗಂಡಸು ಆಳಬಹುದು ಅನ್ನುವ ಅರ್ಥವೂ ಅಡಗಿ ಕೂತಿದೆ. ರಾಮಾ ಎದುರು ಮಾತಾಡುತ್ತಾಳೆ, ನಿಜ. ಆದರೆ ರಾಮಾ ಮಗಳು, ಅವಳು ಆ ಮಂಚಕ್ಕೆ ಹೋಗಬೇಕಾದವಳಲ್ಲ.

ಅದೇ 1975ರಲ್ಲಿ ಅದೇ ಸೆನೆಗಲ್‌ನಲ್ಲಿ ಸಫಿ ಫಾಯ್ ಎಂಬ ಹೆಣ್ಣುಮಗಳು ‘ಕದ್ದು ಬೇಕತ್’ ಮಾಡಿದಳು. ಸೆರೆರ್ ಜನಾಂಗದ ಹಳ್ಳಿ, ಕಡಲೆಕಾಯಿ ಬೆಳೆ, ಸಾಲ, ತೆರ ಕೊಡಲು ದುಡ್ಡಿಲ್ಲದೆ ಡಾಕಾರ್‌ಗೆ ಕೂಲಿಗೆ ಹೋಗುವ ಹುಡುಗ. ಅದರಲ್ಲಿ ಮದುವೆ ಗಂಡಸ್ತನದ ಪ್ರಶ್ನೆಯೇ ಅಲ್ಲ, ಬೆಳೆಯ ಬೆಲೆಯ ಪ್ರಶ್ನೆ. ಅದನ್ನೂ ಸರ್ಕಾರ ನಿಷೇಧಿಸಿತು. ಆಕೆಯ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಸೆಂಬೆನ್ ಆ ಬಿಟ್ಟುಹೋದ ಪ್ರಶ್ನೆಗೆ ಬಂದದ್ದು 2004ರಲ್ಲಿ, ಎಂಬತ್ತು ದಾಟಿದ ಮೇಲೆ, ‘ಮೂಲಾದೆ’ಯಲ್ಲಿ. ಬುರ್ಕಿನಾ ಫಾಸೋದ ಜೆರಿಸ್ಸೋ ಎಂಬ ಹಳ್ಳಿಯಲ್ಲಿ ತೆಗೆದ ಚಿತ್ರ. ಚಿಕ್ಕ ಹುಡುಗಿಯರ ಸುನ್ನತಿಯ ದಿನ. ಆರು ಹುಡುಗಿಯರು ತಪ್ಪಿಸಿಕೊಂಡು ಓಡುತ್ತಾರೆ. ನಾಲ್ವರು ಕೋಲೇ ಎಂಬಾಕೆಯ ಅಂಗಳಕ್ಕೆ ಬಂದು ಕಾಲು ಹಿಡಿಯುತ್ತಾರೆ. ಕೋಲೇ ಮಾಡುವುದು ಇಷ್ಟೇ, ಬಾಗಿಲಿಗೆ ಅಡ್ಡವಾಗಿ ಬಣ್ಣದ ಹಗ್ಗ ಕಟ್ಟುತ್ತಾಳೆ. ಅದು ಮೂಲಾದೆ, ಅಂದರೆ ಅಭಯ. ಆಕೆ ತಾನೇ ಬಾಯಿಬಿಟ್ಟು ಹಿಂತೆಗೆದುಕೊಳ್ಳುವವರೆಗೆ ಆ ಹಗ್ಗ ದಾಟುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ. ಮೊಣಕಾಲೆತ್ತರದ ಹಗ್ಗ, ದಾಟುವುದೇನು ಕಷ್ಟ? ಆದರೂ ಕೆಂಪು ಬಟ್ಟೆಯ ಕೊಯ್ಯುವ ಹೆಂಗಸರು ಆಚೆಯೇ ನಿಲ್ಲುತ್ತಾರೆ. ಸಂಪ್ರದಾಯದ ವಿರುದ್ಧ ಅವಳು ಹೂಡಿದ್ದು ಅದಕ್ಕಿಂತ ಹಳೆಯ ಸಂಪ್ರದಾಯ. ‘ಖಲಾ’ದ ಒರಳನ್ನು ನೋಡಿ ನಕ್ಕ ಎಲ್ ಹಾಜಿ ನೆನಪಾಗುತ್ತಾನೆ.

ಕೋಲೇಗೆ ಇಬ್ಬರು ಮಕ್ಕಳು ಹೋಗಿವೆ, ಮೂರನೆಯವಳನ್ನು ಹೊಟ್ಟೆ ಕೊಯ್ದು ತೆಗೆದರು. ಆ ಮಗಳಿಗೆ ಅವಳು ಸುನ್ನತಿ ಮಾಡಿಸಿಲ್ಲ. ಒಂದು ರಾತ್ರಿ ಗಂಡ ಅವಳ ಬಳಿ ಬರುತ್ತಾನೆ. ಇಲ್ಲೇ ಆ ಮಂಚ ಮತ್ತೆ ಬರುವುದು. ಗಂಡ ಕೆಟ್ಟವನೇನಲ್ಲ, ಸಾಧು. ಅವನಿಗೆ ಯಾವ ಖಲಾವೂ ಇಲ್ಲ. ಕ್ಯಾಮೆರಾ ಈ ಸಲ ಅವನನ್ನು ಗಮನಿಸುವುದಿಲ್ಲ, ಅವಳ ಮುಖ ನೋಡುತ್ತದೆ. ಅವಳು ಕೂಗದಿರಲು ತನ್ನ ಬೆರಳನ್ನೇ ಕಚ್ಚಿ ಹಿಡಿದಿದ್ದಾಳೆ. ಅಷ್ಟೇ. ಗಂಡಸ್ತನ ‘ಸರಿಯಾಗಿದ್ದರೂ’ ಮಂಚ ಅವಳ ಪಾಲಿಗೆ ಏನು ಅನ್ನುವುದು ಆ ಬೆರಳಲ್ಲಿದೆ. ಭಾಷಣವಿಲ್ಲ, ಸಂಗೀತದ ಅಬ್ಬರವಿಲ್ಲ. ನಾನು ರಿಮೋಟ್ ಒತ್ತಿ ನಿಲ್ಲಿಸಿ ಒಂದು ಲೋಟ ನೀರು ಕುಡಿದು ಬಂದೆ.

ಆಮೇಲೆ ಊರ ಹಿರಿಯರು ಸೇರಿ, ಹೆಂಗಸರ ತಲೆ ಕೆಡಿಸಿದ್ದು ರೇಡಿಯೋ ಅಂತ ತೀರ್ಮಾನಿಸುತ್ತಾರೆ. ಮನೆಮನೆಯ ರೇಡಿಯೋಗಳನ್ನು ಮಸೀದಿಯ ಮುಂದೆ ಗುಡ್ಡೆ ಹಾಕಿಸುತ್ತಾರೆ. ಕೋಲೇಯ ಗಂಡನ ಕೈಗೆ ಅವನ ಅಣ್ಣ ಚಾವಟಿ ಕೊಡುತ್ತಾನೆ. ಎಲ್ಲರೆದುರು ಹೊಡೆದು ಅವಳ ಬಾಯಿಂದ ಆ ಮಾತು ಹೊರಡಿಸಬೇಕು. ತಮ್ಮ ಹೊಡೆಯುತ್ತಾನೆ, ಅವನ ಮುಖ ನೋಡಲಾಗುವುದಿಲ್ಲ. ಯಜಮಾನಿಕೆ ಅನ್ನುವುದು ಅಣ್ಣನಿಂದ ತಮ್ಮನಿಗೆ, ಗಂಡನಿಂದ ಹೆಂಡತಿಗೆ ಇಳಿಯುತ್ತಾ ಬರುವುದನ್ನು ಇದಕ್ಕಿಂತ ಸರಳವಾಗಿ ತೋರಿಸಲಾರರು. ಅವಳು ಬಾಯಿ ಬಿಡುವುದಿಲ್ಲ. ಸವತಿ ಹಜಾತು ಅವಳ ಪರ ನಿಲ್ಲುತ್ತಾಳೆ. ಸವತಿಯರೆಂದರೆ ಕಿತ್ತಾಡುವವರು ಅನ್ನುವ ‘ಖಲಾ’ ಕಾಲದ ಹಾಸ್ಯ ಇಲ್ಲಿ ಹೋಗಿಬಿಟ್ಟಿದೆ. ಅದೇ ಗದ್ದಲದಲ್ಲಿ ಒಬ್ಬ ತಾಯಿ ತನ್ನ ಮಗಳನ್ನು ಹಗ್ಗದಾಚೆ ಕರೆದೊಯ್ದು ಕೊಯ್ಯಿಸುತ್ತಾಳೆ. ಹುಡುಗಿ ಉಳಿಯುವುದಿಲ್ಲ. ಹೆಂಗಸರು ಚಾಕುಗಳನ್ನು ಕಿತ್ತುಕೊಳ್ಳುವುದು ಆ ಸಾವಿನ ನಂತರವೇ.

ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ‘ಅನ್ ಸರ್ಟನ್ ರಿಗಾರ್ಡ್’ ಪ್ರಶಸ್ತಿ ಬಂತು.

ಸೆಂಬೆನ್ ಹೋಗದ ಜಾಗಗಳೂ ಇವೆ. ಹೆಣ್ಣಿನ ನೋವಿನವರೆಗೆ ಬಂದ, ಆಸೆಯವರೆಗೆ ಅಷ್ಟಾಗಿ ಬರಲಿಲ್ಲ. ಅಲ್ಲಿಗೆ ಹೋದವರು ಬೇರೆಯವರು, ಅವರಿಗೆ ಆದದ್ದೂ ಬೇರೆ. ಗಿನಿಯ ಮೊಹಮದ್ ಕಮಾರಾ 1997ರಲ್ಲಿ ಇಬ್ಬರು ಹುಡುಗರ ಪ್ರೀತಿಯ ‘ದಕಾನ್’ ತೆಗೆಯುವಾಗ ಜನ ಗಲಾಟೆ ಮಾಡಿದರು. ಸೆನೆಗಲ್‌ನ ಜೋಸೆಫ್ ಗಾಯ್ ರಮಾಕಾ 2001ರಲ್ಲಿ ‘ಕಾರ್ಮೆನ್ ಗೇಯ್’ ಮಾಡಿದ. ಅದರಲ್ಲಿ ಜೈಲಿನ ಅಧಿಕಾರಿಣಿ ಕೈದಿ ಕಾರ್ಮೆನ್‌ಳನ್ನು ಪ್ರೀತಿಸುತ್ತಾಳೆ. ಆಕೆಯ ಅಂತ್ಯಸಂಸ್ಕಾರಕ್ಕೆ ಮುರೀದ್ ಪಂಥದ ಪವಿತ್ರ ಗೀತೆ ಬಳಸಿದರೆಂದು ಆ ಪಂಥದವರು ಡಾಕಾರ್‌ನ ಚಿತ್ರಮಂದಿರಕ್ಕೆ ಗುಂಪುಗಟ್ಟಿ ಬಂದರು, ಪ್ರದರ್ಶನ ನಿಂತಿತು. ಕೀನ್ಯಾದ ವನೂರಿ ಕಹಿಯು ಮಾಡಿದ ‘ರಫೀಕಿ’ 2018ರಲ್ಲಿ ಕಾನ್‌ಗೆ ಹೋಯಿತು, ಮನೆಯಲ್ಲಿ ನಿಷೇಧ. ಕೋರ್ಟು ಏಳು ದಿನದ ಮಟ್ಟಿಗೆ ನಿಷೇಧ ಸಡಿಲಿಸಿದಾಗ ನೈರೋಬಿಯಲ್ಲಿ ಟಿಕೆಟ್ ಸಿಗದಷ್ಟು ಜನ. ಸೆಂಘೋರ್ ಕಾಲದಲ್ಲಿ ಕತ್ತರಿ ಸರ್ಕಾರದ ಕೈಯಲ್ಲಿತ್ತು. ಈಗ ಅದು ಬೀದಿಗೂ ಬಂದಿದೆ.

‘ಮೂಲಾದೆ’ ಬರುವಷ್ಟರಲ್ಲಿ ಬುರ್ಕಿನಾ ಫಾಸೋ 1996ರಲ್ಲಿ, ಸೆನೆಗಲ್ 1999ರಲ್ಲಿ ಹೆಣ್ಣುಮಕ್ಕಳ ಸುನ್ನತಿಯನ್ನು ಅಪರಾಧ ಮಾಡಿದ್ದವು. ಸೆನೆಗಲ್‌ನ ಹೊಟ್ಟೆಯೊಳಗೇ ಇರುವ ಗ್ಯಾಂಬಿಯಾ ಮಾಡಿದ್ದು 2015ರಲ್ಲಿ. 2024ರಲ್ಲಿ ಅಲ್ಲಿನ ಸಂಸತ್ತಿನಲ್ಲಿ ಆ ನಿಷೇಧವನ್ನೇ ತೆಗೆದುಹಾಕುವ ಮಸೂದೆ ಬಂತು. ಧರ್ಮ, ಸಂಸ್ಕೃತಿ, ನಮ್ಮತನ ಎಂದು ಅದೇ ಹಿರಿಯರ ಮಾತುಗಳು. ಜುಲೈನಲ್ಲಿ ಮಸೂದೆ ಬಿದ್ದುಹೋಯಿತು, ನಿಷೇಧ ಉಳಿಯಿತು.

ಸೆಂಬೆನ್ 2007ರ ಜೂನ್ 9ರಂದು ಡಾಕಾರ್‌ನಲ್ಲಿ ತೀರಿಕೊಂಡ. ‘ಫಾತ್ ಕಿನೆ’ (2000), ‘ಮೂಲಾದೆ’, ಆಮೇಲೆ ಇನ್ನೊಂದು ಅಂತ ಮೂರು ಚಿತ್ರಗಳ ಸರಣಿ ಹಾಕಿಕೊಂಡಿದ್ದ. ಮೂರನೆಯದು ಆಗಲಿಲ್ಲ. ನೋಡುವುದಾದರೆ ‘ಖಲಾ’ ಮೊದಲು ನೋಡಿ, ‘ಮೂಲಾದೆ’ ಆಮೇಲೆ, ನಡುವೆ ಒಂದೆರಡು ದಿನ ಬಿಡಿ. ಡಾಕಾರ್‌ನಲ್ಲಿ ಪೆಟ್ರೋಲ್ ಬಂಕ್ ನಡೆಸುವ, ಯಾರ ಮುಲಾಜೂ ಇಲ್ಲದ ಫಾತ್ ಕಿನೆಯ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.